ತುಕ್ಕೇ ಇಲ್ಲದ ಬೋಲ್ಟು

ಮೀಟರ್ ಕೊಂಡ ಮಾತ್ರಕ್ಕೆ ತಾನು ಎಲೆಕ್ಟ್ರಿಷಿಯನ್ ಆದೆ ಎಂದುಕೊಂಡವರು ನಮ್ಮ ಮಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾರಿನ ಏಸಿ ತಣ್ಣಗೆ ಬರುವುದಿಲ್ಲ ಎಂದರೆ ಇವರು ಮೊದಲು ಗ್ಯಾಸ್ ತುಂಬಿಸುತ್ತಾರೆ. ಆಮೇಲೂ ಬರದಿದ್ದರೆ ಕಂಪ್ರೆಸರಿನ ಕ್ಲಚ್ಚಿಗೆ ಹೋಗುವ ವಯರಿನ ಕನೆಕ್ಟರ್ ಕಿತ್ತು, ಅದರ ಬಾಯಿಗೆ ಮೀಟರಿನ ಸೂಜಿ ಹಿಡಿದು, ಹನ್ನೆರಡು ವೋಲ್ಟ್ ಕಂಡ ಕೂಡಲೇ ತೀರ್ಪು ಕೊಡುತ್ತಾರೆ: "ಕರೆಂಟ್ ಬರ್ತಾ ಉಂಟು. ಕಂಪ್ರೆಸರೇ ಹೋಗಿದೆ." ಕಿತ್ತಿಟ್ಟ ವಯರಿನಲ್ಲಿ ಹನ್ನೆರಡು ವೋಲ್ಟ್ ಕಾಣದೆ ಇನ್ನೆಷ್ಟು ಕಾಣಬೇಕು? ಹಗ್ಗ ಗಟ್ಟಿ ಇದೆಯೇ ಎಂದು ತಿಳಿಯಬೇಕಾದರೆ ಅದಕ್ಕೆ ಕೊಡಪಾನ ಕಟ್ಟಿ ಬಾವಿಗೆ ಇಳಿಸಿ ಎಳೆಯಬೇಕು, ಗೂಟಕ್ಕೆ ನೇತುಹಾಕಿ ದೂರದಿಂದ ನೋಡಿದರೆ ಸಾಲದು. ಇದನ್ನು ಹೇಳಿ ಹೇಳಿ ನನ್ನ ಬಾಯಿಗೆ ನೋವು ಬಂದಿದೆ. ಈಗ ಹೇಳುವುದನ್ನು ಬಿಟ್ಟಿದ್ದೇನೆ. ಅವರು ಹಾಳು ಮಾಡಿದ ಗಾಡಿಗಳು ಕೊನೆಗೆ ಜೆಪ್ಪುವಿನ ನನ್ನ ಶೆಡ್ಡಿಗೇ ಬರುತ್ತವೆ.

ಹಾಗೆ ಬಂದ ಗಾಡಿಗಳಲ್ಲಿ ಇದೂ ಒಂದು. ಎಂಟು ಜನ ಕೂರುವ ಹಳೆಯ ಡೀಸೆಲ್ ಗಾಡಿ. ಮಳೆಗಾಲ ಮುಗಿದು ಸೆಕೆ ಮತ್ತೆ ಹಿಡಿದುಕೊಂಡ ದಿನಗಳು ಅವು. ಗಾಡಿಯ ಧಣಿಗೆ ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿ. ಅವರ ತಾಯಿಗೆ ಕಿಡ್ನಿಯ ತೊಂದರೆ. ಡಯಾಲಿಸಿಸ್‌ಗೆಂದು ಫಳ್ನೀರಿನ ಆಸ್ಪತ್ರೆಗೆ ಹೋಗುವುದು ಬರುವುದು ಇದೇ ಗಾಡಿಯಲ್ಲಿ. ಮಿಷನ್ನಿನಿಂದ ಬಿಡಿಸಿಕೊಂಡು ಬರುವಾಗ ಆ ಅಮ್ಮನಿಗೆ ಕತ್ತು ನಿಲ್ಲುತ್ತಿರಲಿಲ್ಲವಂತೆ. ಅಂಥ ಹೊತ್ತಿನಲ್ಲಿ ಗಾಡಿಯ ಒಳಗೆ ಬಿಸಿಗಾಳಿ.

ಗಾಡಿ ತಂದವರು ಡ್ರೈವರ್ ಕಾಕ. ಬ್ಯಾರಿ ಮುಸ್ಲಿಮರು, ಅರವತ್ತು ದಾಟಿದವರು, ತಲೆಗೆ ಬಿಳಿ ಟೊಪ್ಪಿ, ಹೆಗಲ ಮೇಲೆ ಗಾಡಿ ಒರೆಸುವ ಬಟ್ಟೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಮಾತಾಡುತ್ತಲೇ ಬಾಗಿಲಿನ ಹಿಡಿಯನ್ನು ಒರೆಸುತ್ತಿದ್ದರು.

"ಎಂತ ಕಾಕ, ಎಂತ ಆಗ್ತದೆ?"

"ಏಸಿ ಒಮ್ಮೆ ಬರ್ತದೆ, ಒಮ್ಮೆ ಬರುದಿಲ್ಲ ಮಾರಾಯ್ರೆ. ಮೊದಲು ಕ್ಲಚ್ಚಿನ ಕಾಯಿಲ್ ಹೊಸತು ಹಾಕಿದ್ರು. ಮತ್ತೆ ಕಂಪ್ರೆಸರೇ ಹೊಸತು ಹಾಕಿದ್ರು. ಈಗ ಇದಕ್ಕೂ ಸುಟ್ಟ ವಾಸನೆ ಬರ್ತಾ ಉಂಟು."

"ಹಾಕಿದ್ದು ಯಾರು?"

ಹೈವೇ ಬದಿಯ ಒಂದು ದೊಡ್ಡ ಗ್ಯಾರೇಜಿನ ಹೆಸರು ಹೇಳಿದರು. ಗಾಜಿನ ಬಾಗಿಲು, ಒಳಗೆ ಸೋಫಾ, ಗಿರಾಕಿಗೆ ಕಾಫಿ ಎಲ್ಲ ಇರುವ ಜಾಗ. ಕಾಫಿ ಚೆನ್ನಾಗಿಯೇ ಮಾಡುತ್ತಾರೆ ಎಂದು ಕೇಳಿದ್ದೇನೆ.

ಕಾಕನ ಹಿಂದೆಯೇ ಇನ್ನೊಂದು ಕಾರು ಬಂದು ನಿಂತಿತು. ಬಿಳಿ ಬಣ್ಣ, ಮುಖ ನೋಡಿ ತಲೆ ಬಾಚಿಕೊಳ್ಳಬಹುದಾದಷ್ಟು ಹೊಳಪು. ಇಳಿದವರು ಧಣಿಯ ಹೆಂಡತಿಯ ಅಣ್ಣ, ಧಣಿಗೆ ಭಾವ. ಬಹಳ ವರ್ಷ ದುಬೈಯಲ್ಲಿದ್ದು ಊರಿಗೆ ಬಂದು ನೆಲೆಸಿದವರು. ದುಬೈಯಲ್ಲಿ ಏನು ಕೆಲಸ ಮಾಡುತ್ತಿದ್ದರು ಎಂದು ನನಗೆ ಈವರೆಗೂ ಗೊತ್ತಿಲ್ಲ. ಏಸಿಯ ಕೆಲಸವಂತೂ ಅಲ್ಲ.

"ನೋಡಿ, ದುಬೈಯಲ್ಲಿ ಐವತ್ತು ಡಿಗ್ರಿಯಲ್ಲಿ ಏಸಿ ಓಡ್ತದೆ," ಎಂದು ಶುರು ಮಾಡಿದರು. "ಇಲ್ಲಿ ಎಂತ ಸೆಕೆ ಉಂಟು? ತಂಗಿಯ ಅತ್ತೆಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಇವರು ಗಾಡಿಯಲ್ಲಿ ಏಸಿ ಹಾಕಿ ಗಂಟೆಗಟ್ಟಲೆ ಮಲಗುದು. ಕ್ಲಚ್ ಸುಡದೆ ಎಂತ ಆಗ್ತದೆ? ನಾನೇ ಕಣ್ಣಾರೆ ನೋಡಿದ್ದೇನೆ, ಸೀಟು ಹಿಂದೆ ಮಾಡಿ ಮಲಗಿದ್ದು."

"ಎಂಜಿನ್ ಬಂದ್ ಮಾಡಿಯೇ ಮಲಗುದು," ಎಂದರು ಕಾಕ, ಬಾಗಿಲಿನ ಹಿಡಿಯ ಕಡೆ ನೋಡುತ್ತಾ. "ಕಿಟಕಿ ತೆಗೆದು."

ಭಾವ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವರಿಗೆ ಡ್ರೈವರುಗಳ ಮಾತು ಕೇಳಿಸುವ ಕಿವಿ ಇರಲಿಲ್ಲ.

ನಿಂತ ಗಾಡಿಯಲ್ಲಿ ಏಸಿ ಹಾಕಿದರೆ ಕ್ಲಚ್ ಸುಡುತ್ತದೆ ಎನ್ನುವುದು ಎಂಥ ಮೂರ್ಖತನದ ಮಾತು! ಹಾಗಿದ್ದರೆ ಸಾಹೇಬರು ಮೀಟಿಂಗಿನಿಂದ ಬರುವವರೆಗೆ ಗುಂಯ್ ಎಂದು ಏಸಿ ಹಾಕಿಕೊಂಡು ನಿಲ್ಲುವ ಊರಿನ ಸರಕಾರಿ ಕಾರುಗಳೆಲ್ಲ ಈಗಾಗಲೇ ಸುಟ್ಟು ಕರಕಲಾಗಬೇಕಿತ್ತು. ಇದನ್ನು ಹೇಳಿಯೂ ಹೇಳಿದೆ. ಭಾವ ದುಬೈಯ ಇನ್ನೊಂದು ಕತೆ ತೆಗೆದರು.

ಸಂಜೆ ಧಣಿಯ ಫೋನ್ ಬಂತು. ಮಾತು ಮೆತ್ತಗೆ.

"ಭಾವ ಒಬ್ಬ ಹೊಸ ಡ್ರೈವರನ್ನು ನೋಡಿ ಇಟ್ಟಿದ್ದಾರೆ. ಕಾಕನನ್ನು ಬಿಡಿಸ್ತೇನೆ ಅಂದ್ರೆ ಅಮ್ಮ ಒಪ್ಪುದಿಲ್ಲ, ಕಾರಣ ಕೇಳ್ತಾರೆ. ಡ್ರೈವರ್‌ದೇ ತಪ್ಪು ಅಂತ ನಿಮ್ಮ ಬಾಯಿಂದ ಒಂದು ಮಾತು ಬಂದ್ರೆ ಸಾಕು ಮಾರಾಯ್ರೆ."

"ನಾನು ಗಾಡಿ ನೋಡ್ಲಿಕ್ಕೆ ಇರುದು. ತಪ್ಪು ಸಿಕ್ಕಿದ್ರೆ ಹೇಳ್ತೇನೆ," ಎಂದು ಫೋನ್ ಇಟ್ಟೆ.

ಅಲ್ಲಿಗೆ ನನಗೆ ವಿಷಯ ಅರ್ಥವಾಯಿತು. ಇವರಿಗೆ ಏಸಿ ರಿಪೇರಿ ಬೇಕಾದದ್ದಕ್ಕಿಂತ ಹೆಚ್ಚಾಗಿ ಸಾಕ್ಷಿ ಬೇಕಾಗಿತ್ತು. ಈ ವಯಸ್ಸಿನಲ್ಲಿ ಕಾಕನಿಗೆ ಬೇರೆ ಯಾರೂ ಗಾಡಿಯ ಕೀ ಕೊಡುವುದಿಲ್ಲ, ಅದು ಅವರಿಗೂ ಗೊತ್ತಿತ್ತು.

ಮರುದಿನ ಕೆಲಸ ಶುರು ಮಾಡಿದೆ. ಈ ಕ್ಲಚ್ಚಿನ ಸಂಗತಿ ಬಹಳ ಸರಳ. ಕಂಪ್ರೆಸರಿನ ಮುಂದಿರುವ ಪುಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಬೆಲ್ಟಿನಲ್ಲಿ ಸುಮ್ಮನೆ ತಿರುಗುತ್ತಿರುತ್ತದೆ. ಏಸಿ ಸ್ವಿಚ್ ಒತ್ತಿದಾಗ ಅದರ ಹಿಂದಿರುವ ತಾಮ್ರದ ಕಾಯಿಲ್ ಅಯಸ್ಕಾಂತವಾಗಿ, ಮುಂದಿನ ಕಬ್ಬಿಣದ ತಟ್ಟೆಯನ್ನು ಟಕ್ ಎಂದು ಎಳೆದು ಪುಲ್ಲಿಗೆ ಅಂಟಿಸುತ್ತದೆ. ಆಗ ಕಂಪ್ರೆಸರ್ ತಿರುಗುತ್ತದೆ, ತಂಪು ಬರುತ್ತದೆ. ಕಾಯಿಲಿಗೆ ಕರೆಂಟ್ ಕಮ್ಮಿ ಬಿದ್ದರೆ ಹಿಡಿತ ಸಾಲದೆ ತಟ್ಟೆ ಜಾರುತ್ತದೆ, ಜಾರಿದರೆ ಉಜ್ಜುತ್ತದೆ, ಉಜ್ಜಿದರೆ ಕಾಯಿಲಿನ ಸಮೇತ ಸುಡುತ್ತದೆ. ಆದ್ದರಿಂದ ಸುಟ್ಟ ಕ್ಲಚ್ ಕಂಡಾಗ ಕೇಳಬೇಕಾದದ್ದು ಅದಕ್ಕೆ ಕರೆಂಟ್ ಸಾಕಷ್ಟು ಸಿಗುತ್ತಿದೆಯೇ ಎಂದು. ಆ ಕಾಫಿ ಗ್ಯಾರೇಜಿನವರು ಅದನ್ನೊಂದು ಬಿಟ್ಟು ಬಾಕಿ ಎಲ್ಲ ಕೇಳಿದ್ದರು.

ಬಾನೆಟ್ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಶುಚಿ. ಕಡಲ ಗಾಳಿಯ ಈ ಊರಿನಲ್ಲಿ ಅಷ್ಟು ಹಳೆಯ ಗಾಡಿಯ ಒಳಗೆ ಒಂದು ಚುಕ್ಕೆ ತುಕ್ಕಿಲ್ಲ. ಕ್ಲಚ್ಚಿನ ತಟ್ಟೆ ಮಾತ್ರ ಬಿಸಿಗೆ ನೀಲಿ ತಿರುಗಿತ್ತು. ಗೇಜ್ ಹಾಕಿ ಗ್ಯಾಸಿನ ಒತ್ತಡ ನೋಡಿದೆ, ಸರಿ. ಕಾಯಿಲಿನ ರೆಸಿಸ್ಟೆನ್ಸ್ ಮೂರೂವರೆ ಓಮ್‌ನ ಆಸುಪಾಸು, ಅದೂ ಸರಿ. ಆಮೇಲೆ ಕನೆಕ್ಟರನ್ನು ಕೀಳದೆ, ಅದರ ಹಿಂಬದಿಯಿಂದ ಗುಂಡುಸೂಜಿ ತೂರಿಸಿ, ಏಸಿ ಓಡುತ್ತಿರುವಾಗಲೇ ಅಳೆದೆ. ಹನ್ನೆರಡೂವರೆಗಿಂತ ಮೇಲೆ ಹೋಗುತ್ತಿರಲಿಲ್ಲ. ಎಂಜಿನ್ ಓಡುವಾಗ ಹದಿಮೂರೂವರೆ ದಾಟಬೇಕು. ಎಲ್ಲಿ ನಷ್ಟವಾಗುತ್ತಿದೆ ಎಂದು ಹುಡುಕುತ್ತಾ ಹೋದರೆ ಕ್ಲಚ್ಚಿಗೆ ಕರೆಂಟ್ ಬಿಡುವ ಸ್ವಿಚ್ಚು, ಅಂದರೆ ರಿಲೇ, ಸಿಕ್ಕಿತು. ಬಿಚ್ಚಿ ನೋಡಿದರೆ ಒಳಗಿನ ಪಾಯಿಂಟು ಕಪ್ಪು.

ಹೊಸ ರಿಲೇ ಹಾಕಿದೆ. ವೋಲ್ಟೇಜು ಏರಿತು. ಕ್ಲಚ್ ಟಕ್ ಎಂದು ಗಟ್ಟಿಯಾಗಿ ಕಚ್ಚಿತು. ನೀಲಿ ತಿರುಗಿದ ತಟ್ಟೆ ತೆಗೆದು ಬೇರೆ ಹಾಕಿ ಶೆಡ್ಡಿನ ನೆರಳಿನಲ್ಲೇ ಸ್ವಲ್ಪ ಹೊತ್ತು ಓಡಿಸಿ ನೋಡಿದೆ, ಐಸಿನ ಹಾಗೆ ಗಾಳಿ. ಧಣಿಗೆ ಫೋನ್ ಮಾಡಿ, ಎರಡು ಸಲ ಕೈ ಹಾಕಿದವರಿಗೆ ಒಂದು ರಿಲೇ ಕಾಣಲಿಲ್ಲ ಎಂದರೆ ಅವರು ಗ್ಯಾರೇಜ್ ಮುಚ್ಚಿ ಪೂರ್ತಿ ಹೋಟೆಲೇ ಮಾಡುವುದು ಒಳ್ಳೆಯದು ಎಂದೆಲ್ಲ ಹೇಳಿದೆ. ಹೇಳುವಾಗ ಬಹಳ ಖುಷಿಯಾಯಿತು.

ಆ ಖುಷಿ ಆ ವಾರದ ಮಟ್ಟಿಗೆ ಮಾತ್ರ. ಕಾಕ ಮತ್ತೆ ಬಂದರು. ಮುಖ ಇನ್ನೂ ಸಣ್ಣದಾಗಿತ್ತು.

"ಮಾರಾಯ್ರೆ, ನಿನ್ನೆ ಫಳ್ನೀರಿನ ಟ್ರಾಫಿಕ್ ಬ್ಲಾಕಿನಲ್ಲಿ ಪುನಃ ಬಿಸಿ ಗಾಳಿ. ವಾಸನೆಯೂ ಬಂತು. ಅಮ್ಮ ವಾಂತಿ ಮಾಡಿದ್ರು."

ಹಿಂದೆಯೇ ಭಾವನ ಫೋನು. "ನಿಮ್ಮಿಂದಲೂ ಆಗ್ಲಿಲ್ಲ ಅಲ್ವಾ? ಗಾಡಿಯಲ್ಲಿ ಎಂತದೂ ಇಲ್ಲ ಮಾರಾಯ್ರೆ, ಇದು ಡ್ರೈವರಿನ ರೋಗ. ನೀವು ಅದೊಂದು ಮಾತು ಹೇಳಿ ಮುಗಿಸಿಬಿಡಿ."

ಈ ಮನುಷ್ಯನಿಂದ ಹಾಗೆ ಅನ್ನಿಸಿಕೊಳ್ಳುವ ಗತಿ ಬಂತಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೆ ಅಂದದ್ದರಲ್ಲಿ ಅರ್ಧ ನಿಜವೇ. ರಿಲೇ ಕೆಟ್ಟದ್ದು ಹೌದು, ಆದರೆ ರೋಗ ಅದಲ್ಲ. ಶೆಡ್ಡಿನ ನೆರಳಿನಲ್ಲಿ ಬಾನೆಟ್ ತೆರೆದಿಟ್ಟು ಅಳೆದು, ಸರಿಯಾಯಿತು ಎಂದು ಕೊಟ್ಟಿದ್ದೆ. ಗಾಡಿ ಕೆಡುತ್ತಿದ್ದುದು ಶೆಡ್ಡಿನಲ್ಲಿ ಅಲ್ಲ, ಫಳ್ನೀರಿನ ಬ್ಲಾಕಿನಲ್ಲಿ. ಹಾಗಾದರೆ ಅಲ್ಲಿಗೇ ಹೋಗಿ ನೋಡುವುದು ಎಂದು ತೀರ್ಮಾನ ಮಾಡಿದೆ.

ಕನೆಕ್ಟರಿನ ಎರಡು ವಯರಿಗೂ ಹಿಂದಿನಿಂದ ಸೂಜಿ ಹಾಕಿ, ಅದಕ್ಕೆ ಉದ್ದದ ವಯರು ಸೇರಿಸಿ, ಬಾನೆಟ್ಟಿನ ಸಂದಿಯಿಂದ ಕಿಟಕಿಯೊಳಗೆ ತಂದೆ. ಮುಂದಿನ ಸೀಟಿನಲ್ಲಿ ಮೀಟರನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಧಣಿಯ ಮನೆಗೆ ಹೋಗಿ ಕಾಕ ಅಮ್ಮನನ್ನು ಒಳಗಿನಿಂದ ಕರೆತಂದರು. ಗಾಲಿಕುರ್ಚಿಯಿಂದ ಸೀಟಿಗೆ ಎತ್ತಿ ಕೂರಿಸುವಾಗ ಒಂದು ಕೈ ಅವರ ಬೆನ್ನ ಹಿಂದೆ, ಇನ್ನೊಂದು ಕೈ ತಲೆಗೆ ಬಾಗಿಲು ತಾಗದ ಹಾಗೆ ಮೇಲೆ. ಅಮ್ಮ ಕೂತು ಸುಧಾರಿಸಿಕೊಂಡು ನನ್ನನ್ನು ನೋಡಿದರು.

"ಅದೆಂತ ಮಾರಾಯ ಮಡಿಲಲ್ಲಿ? ಬಿ.ಪಿ. ನೋಡುದಾ?"

"ಹೌದಮ್ಮ. ಗಾಡಿಯ ಬಿ.ಪಿ."

"ನೋಡು. ನನ್ನದು ನೋಡಿ ನೋಡಿ ಅವರಿಗೂ ಬೇಜಾರಾಗಿದೆ."

ಅಲ್ಲಿಂದ ಹೊರಡುವಾಗ ಮೀಟರಿನಲ್ಲಿ ಹದಿಮೂರೂವರೆ. ರಸ್ತೆ ಖಾಲಿ ಇದ್ದಷ್ಟು ಹೊತ್ತು ಅದು ಅಲ್ಲಾಡಲಿಲ್ಲ. ಫಳ್ನೀರು ಹತ್ತಿರ ಬರುವಾಗ ಎಂದಿನ ಹಾಗೆ ಬಸ್ಸಿನ ಹಿಂದೆ ಬಸ್ಸು, ಮಧ್ಯೆ ರಿಕ್ಷಾ, ಸ್ಕೂಟರಿನವನು ಫುಟ್‌ಪಾತಿನಲ್ಲಿ. ನಮ್ಮ ಗಾಡಿ ನಿಂತಿತು. ಸ್ವಲ್ಪ ಹೊತ್ತಿಗೆ ಮುಂದುಗಡೆಯಿಂದ ರೇಡಿಯೇಟರ್ ಫ್ಯಾನ್ ಬೋರ್ ಎಂದು ಶುರುವಾಯಿತು. ಮಡಿಲಲ್ಲಿದ್ದ ಮೀಟರು ಒಂದೇ ಏಟಿಗೆ ಒಂಬತ್ತಕ್ಕೆ ಇಳಿಯಿತು.

ಬಾನೆಟ್ಟಿನ ಕೆಳಗಿನಿಂದ ಉಜ್ಜುವ ಸಣ್ಣ ಶಬ್ದ. ಗಾಳಿಯ ತಂಪು ಹೋಗುತ್ತಾ ಬಂತು.

"ಇಗೊ, ಶುರು ಆಯ್ತು," ಎಂದರು ಅಮ್ಮ, ಆಸ್ಪತ್ರೆಯ ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಾ.

ಗಾಡಿಗಳು ಸರಿದು ಮುಂದೆ ಹೋದೆವು. ಫ್ಯಾನ್ ನಿಂತಿತು. ಮೀಟರು ಪುನಃ ಹದಿಮೂರೂವರೆ, ಕ್ಲಚ್ ಪುನಃ ಟಕ್. ಇನ್ನೊಂದು ಬ್ಲಾಕ್, ಪುನಃ ಫ್ಯಾನ್, ಪುನಃ ಒಂಬತ್ತು. ಏಸಿ ನಿಲ್ಲಿಸಿ ಎಂದು ಕಾಕನಿಗೆ ಹೇಳಿದೆ. ನೋಡಬೇಕಾದದ್ದನ್ನು ನೋಡಿ ಆಗಿತ್ತು. ನಿದ್ರೆಯಂತೆ! ಡ್ರೈವರಿನ ರೋಗವಂತೆ! ಫ್ಯಾನ್ ಕರೆಂಟ್ ಎಳೆಯುವಾಗಲೆಲ್ಲ ಕ್ಲಚ್ಚಿನ ಬಾಯಿಯ ಅನ್ನ ಕಸಿಯುತ್ತಿದೆ, ಅಷ್ಟೇ. ಶೆಡ್ಡಿನ ನೆರಳಿನಲ್ಲಿ ಆ ಫ್ಯಾನ್ ಓಡಿಯೇ ಇರಲಿಲ್ಲ. ಎರಡಕ್ಕೂ ಎಲ್ಲೋ ಒಂದು ಕಡೆ ಒಂದೇ ದಾರಿ ಇರಬೇಕು, ಆ ದಾರಿ ಕಟ್ಟಿರಬೇಕು.

ಅಮ್ಮನನ್ನು ಒಳಗೆ ಮಿಷನ್ನಿಗೆ ಕಳಿಸಿ ನಾವಿಬ್ಬರು ಆಸ್ಪತ್ರೆಯ ಹಿಂದಿನ ಪಾರ್ಕಿಂಗಿನಲ್ಲಿ ಬಾನೆಟ್ ತೆರೆದೆವು. ಫ್ಯಾನಿನ ಸೆನ್ಸರ್ ಕಿತ್ತರೆ ಈ ಗಾಡಿಯಲ್ಲಿ ಫ್ಯಾನ್ ನಿಲ್ಲದೆ ಓಡುತ್ತದೆ. ಹಾಗೆ ಓಡಿಸಿಟ್ಟು, ಏಸಿ ಹಾಕಿಸಿ, ಮೊದಲು ಬ್ಯಾಟರಿಯ ಪ್ಲಸ್‌ನಿಂದ ಕಾಯಿಲಿನ ಪ್ಲಸ್‌ವರೆಗೆ ಅಳೆದೆ. ಕರೆಂಟ್ ಹೋಗುವ ದಾರಿಯಲ್ಲಿ ನಷ್ಟ ಏನೂ ಇಲ್ಲ ಅನ್ನುವಷ್ಟು ಕಮ್ಮಿ. ಆಮೇಲೆ ಕಾಯಿಲಿನ ಇನ್ನೊಂದು ತುದಿಯಿಂದ ಬ್ಯಾಟರಿಯ ಮೈನಸ್‌ವರೆಗೆ. ನಾಲ್ಕೂವರೆ ವೋಲ್ಟಿನ ಹತ್ತಿರ! ಕರೆಂಟ್ ಹೋಗುವುದು ಸರಿ ಇದೆ, ವಾಪಸ್ ಬರುವ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ. ಅಂದರೆ ಅರ್ತಿಂಗ್. ಗಾಡಿಗಳಲ್ಲಿ ಈ ವಾಪಸ್ ದಾರಿ ಎಂದರೆ ಗಾಡಿಯ ಮೈ. ವಯರಿನ ತುದಿಯನ್ನು ಬೋಲ್ಟ್ ಹಾಕಿ ಬಾಡಿಯ ಕಬ್ಬಿಣಕ್ಕೆ ಬಿಗಿದಿರುತ್ತಾರೆ.

ವಯರನ್ನು ಬೆರಳಲ್ಲೇ ಹಿಡಿದುಕೊಂಡು ಹೋದೆ. ಎಡಗಡೆಯ ಹೆಡ್‌ಲೈಟಿನ ಹಿಂದೆ ಒಂದು ಬೋಲ್ಟು. ಕ್ಲಚ್ಚಿನ ವಯರು, ಫ್ಯಾನಿನ ವಯರು ಎರಡೂ ಅದಕ್ಕೇ. ಮೊದಲ ದಿನವೇ ಈ ಬೋಲ್ಟನ್ನು ನೋಡಿದ್ದೆ. ಕಪ್ಪಗೆ, ಚೆಂದಕ್ಕೆ, ಗಟ್ಟಿಗೆ ಕೂತಿತ್ತು. ಅರ್ತಿಂಗ್ ಕೆಟ್ಟಿದೆ ಎಂದರೆ ನಮ್ಮ ಕಣ್ಣು ಹುಡುಕುವುದು ತುಕ್ಕನ್ನು. ಇದರಲ್ಲಿ ತುಕ್ಕೇ ಇಲ್ಲದ ಕಾರಣ ಯಾರೂ ಕೈ ಹಾಕಿರಲಿಲ್ಲ, ನಾನೂ ಸೇರಿ.

ಬೋಲ್ಟ್ ಬಿಚ್ಚಿದೆ. ವಯರಿನ ತಾಮ್ರದ ಬಳೆಯ ಅಡಿಭಾಗ ಕಪ್ಪು. ಅದು ಕೂರುವ ಕಬ್ಬಿಣದ ಮುಖವೂ ಕಪ್ಪು. ಬೋಲ್ಟಿನ ತಲೆಯ ಒಳಭಾಗವೂ ಕಪ್ಪು. ಉಗುರಿನಿಂದ ಕೆರೆದರೆ ಡಾಂಬರಿನಂಥ ದಪ್ಪ ಬಣ್ಣ. ತುಕ್ಕು ಹಿಡಿಯದಂತೆ ಗಾಡಿಯ ಅಡಿಗೆ ಹೊಡೆಯುವ ಬಣ್ಣ ಅದು. ಲೋಹಕ್ಕೆ ಲೋಹ ತಾಗಬೇಕಾದ ಜಾಗದಲ್ಲೆಲ್ಲ ಯಾರೋ ಪ್ರೀತಿಯಿಂದ ಮೂರು ಮುಖಕ್ಕೂ ಬಳಿದಿದ್ದರು. ಎರಡು ವಯರಿನ ಕರೆಂಟೂ ಬೋಲ್ಟಿನ ಸುರುಳಿಯ ಎಡೆಯಿಂದ ನುಸುಳಿ ನುಸುಳಿ ಹೋಗುತ್ತಿತ್ತು.

"ಯಾವ ಗ್ರಾಚಾರ ಕೆಟ್ಟವನು ಇದಕ್ಕೆ ಪೇಂಟ್ ಹೊಡೆದದ್ದು?" ಎಂದು ಕಿರುಚಿಯೇ ಬಿಟ್ಟೆ. "ಅರ್ತಿಂಗ್ ಬಿಚ್ಚಿ ಒಳಗೆ ಡಾಂಬರ್ ಬಳಿಯುವವನ ತಲೆಯೊಳಗೆ ಎಂತ ಉಂಟು?"

ತಿರುಗಿ ನೋಡಿದರೆ ಕಾಕ ಹೆಗಲಿನ ಬಟ್ಟೆಯನ್ನು ಕೈಗೆ ತೆಗೆದುಕೊಂಡು ನಿಂತಿದ್ದರು.

"ಅದು ನಾನೇ ಮಾರಾಯ್ರೆ."

ಪ್ರತಿ ವರ್ಷ ಮಳೆಗೆ ಮುಂಚೆ ಗಾಡಿಯ ಅಡಿಗೆ ಬಣ್ಣ ಹೊಡೆಯುವುದು ಕಾಕನದ್ದೇ ಕೆಲಸವಂತೆ. ಹೊರಗೆ ಕೊಟ್ಟರೆ ಮಣ್ಣಿನ ಮೇಲೆಯೇ ಹೊಡೆದು ಕಳಿಸುತ್ತಾರೆ ಎಂದು ಯಾರಿಗೂ ಕೊಡುತ್ತಿರಲಿಲ್ಲ. ತಾವೇ ಗಾಡಿಯ ಅಡಿಗೆ ಹೋಗಿ, ಉಜ್ಜಿ, ಒಣಗಿಸಿ, ಬ್ರಶ್ಶಿನಲ್ಲಿ ಬಳಿಯುವುದು. ಈ ವರ್ಷ ಮುಂದಿನ ಬಂಪರ್ ಬಿಚ್ಚಿದ್ದಾಗ ಈ ಬೋಲ್ಟಿನ ಸುತ್ತ ಒಂದು ಸಣ್ಣ ಕೆಂಪು ಬಳೆ ಕಂಡಿತಂತೆ. ಮೇಲಿನಿಂದ ಬಳಿದರೆ ಒಳಗಿಂದ ತಿನ್ನುತ್ತದೆ ಎಂದು ಬಿಚ್ಚಿ, ಒಳಗೂ ಹೊರಗೂ ಬಳಿದು, ಪುನಃ ಬಿಗಿದಿದ್ದರು.

"ತುಕ್ಕು ಬಂದ್ರೆ ಗಾಡಿ ಮುಗೀತಲ್ಲ," ಎಂದರು. "ಅಂದ್ರೆ ಅಮ್ಮ ಇಷ್ಟು ದಿನ ಬೆವರಿದ್ದು ನನ್ನಿಂದಲಾ?"

ನನಗೆ ಬಂದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಬೈಯಲಿಕ್ಕೆ ಊರಿಡೀ ಜನ ಇದ್ದಾರೆ, ಈ ಮನುಷ್ಯನನ್ನು ಬೈದು ಎಂತ ಸಿಗುತ್ತದೆ? ಆದರೂ ವಿಷಯ ನೆಟ್ಟಗಿರಲಿಲ್ಲ. ಧಣಿ ನನ್ನಿಂದ ಕೇಳಿದ್ದು ಒಂದೇ ಮಾತು, ಡ್ರೈವರ್‌ದೇ ತಪ್ಪು ಎಂದು. ಈಗ ಆ ಮಾತು ನಿಜವಾಗಿ ಕೂತಿತ್ತು.

"ಧಣಿಗೆ ಹೇಳ್ತೀರಾ?" ಎಂದರು ಕಾಕ.

ಮರಳು ಕಾಗದ ತೆಗೆದುಕೊಂಡು ಮೂರು ಮುಖವನ್ನೂ ಬೆಳ್ಳಿಯ ಬಣ್ಣ ಬರುವವರೆಗೆ ಉಜ್ಜಿದೆ. ಹಲ್ಲಿರುವ ವಾಷರ್ ಹಾಕಿ ಬಿಗಿದೆ. ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ, "ಇದು ಯಾವಾಗಲೂ ಕೊನೆಗೆ, ಮೇಲಿನಿಂದ" ಎಂದು ಕಾಕನಿಗೆ ತೋರಿಸಿದೆ. ಪುನಃ ಅಳೆದರೆ ವಾಪಸ್ ದಾರಿಯ ನಷ್ಟ ಮೀಟರಿಗೆ ಸಿಕ್ಕುವುದೂ ಕಷ್ಟ. ಫ್ಯಾನ್ ಬೋರ್ ಎನ್ನುತ್ತಿತ್ತು, ಕ್ಲಚ್ ಕಚ್ಚಿದ್ದನ್ನು ಬಿಡಲಿಲ್ಲ. ತಟ್ಟೆಗೂ ಪುಲ್ಲಿಗೂ ನಡುವಿನ ಸಂದಿಯನ್ನು ಫೀಲರ್ ಗೇಜಿನಲ್ಲಿ ನೋಡಿ ಸರಿ ಮಾಡಿದೆ. ಬರುವಾಗ ಫಳ್ನೀರಿನಲ್ಲಿ ಎಂದಿಗಿಂತ ದೊಡ್ಡ ಬ್ಲಾಕು. ಅಮ್ಮ ಕಣ್ಣು ಮುಚ್ಚಿ ಒರಗಿದ್ದವರು, ಶಾಲು ಕೊಡು ಎಂದು ಕಾಕನಿಗೆ ಹೇಳಿದರು. ಕಾಕ ಶಾಲು ಹೊದೆಸುವಾಗಲೂ ಅವರ ಮುಖ ನೋಡಲಿಲ್ಲ.

ಧಣಿಗೆ ಸುಳ್ಳು ಹೇಳುವುದು ಎಂದು ಆ ರಾತ್ರಿಯೇ ನಿಶ್ಚಯ ಮಾಡಿದೆ. ಗಿರಾಕಿಗೆ ಕತೆ ಕಟ್ಟುವ ಮೆಕ್ಯಾನಿಕರನ್ನು ಕಂಡರೆ ನನಗೆ ಆಗುವುದಿಲ್ಲ, ಆದರೆ ಕೇಳುವವರ ಯೋಗ್ಯತೆಯನ್ನೂ ಸ್ವಲ್ಪ ನೋಡಬೇಕಲ್ಲ. ಸುಳ್ಳೂ ದೊಡ್ಡದಲ್ಲ. ಅರ್ತಿಂಗಿಗೆ ತುಕ್ಕು ಹಿಡಿದಿತ್ತು, ಕಡಲ ಗಾಳಿ, ಯಾರ ತಪ್ಪೂ ಇಲ್ಲ. ಈ ಊರಿನಲ್ಲಿ ತುಕ್ಕಿನ ಮಾತಿಗೆ ಯಾರೂ ಎದುರಾಡುವುದಿಲ್ಲ.

ಮರುದಿನ ಧಣಿ ಮತ್ತು ಭಾವ ಬಿಳಿ ಕಾರಿನಲ್ಲಿ ಬಂದರು. ಕಾಕ ಗಾಡಿಯ ಪಕ್ಕ ನಿಂತಿದ್ದರು. ನಾನು ನನ್ನ ತುಕ್ಕಿನ ಕತೆ ಒಪ್ಪಿಸಿದೆ. ಧಣಿ ತಲೆಯಾಡಿಸಿದರು. ಮುಗಿಯಿತು ಎಂದುಕೊಳ್ಳುವಾಗ ಭಾವ ಬಾಯಿ ತೆರೆದರು.

"ತುಕ್ಕು ಹಿಡಿಯುವವರೆಗೆ ಡ್ರೈವರ್ ಎಂತ ಮಾಡ್ತಾ ಇದ್ದದ್ದು? ಗಾಡಿ ನೋಡಿಕೊಳ್ಳುದಿಲ್ಲ, ಮಲಗುದು ಅಂತ ನಾನು ಹೇಳಿದ್ದು ಇದನ್ನೇ ಅಲ್ವಾ?"

ನನ್ನ ಸುಳ್ಳನ್ನೇ ತಿರುಗಿಸಿ ಕಾಕನ ತಲೆಗೆ ಹೊಡೆದಿದ್ದರು. ನಾನು ಇನ್ನೇನು ಹೇಳಬೇಕು ಎನ್ನುವಷ್ಟರಲ್ಲಿ ಕಾಕ ಮುಂದೆ ಬಂದರು.

"ತುಕ್ಕು ಇಲ್ಲ ಧಣಿ. ಈ ಗಾಡಿಯಲ್ಲಿ ಎಲ್ಲಿಯೂ ತುಕ್ಕು ಇಲ್ಲ. ಬೇಕಾದ್ರೆ ನೋಡಿ." "ಇವರು ನನಗೋಸ್ಕರ ಹೇಳಿದ್ದು. ತುಕ್ಕು ಬರಬಾರ್ದು ಅಂತ ನಾನೇ ಬೋಲ್ಟಿನ ಒಳಗೆ ಪೇಂಟ್ ಹೊಡೆದಿದ್ದೆ. ಅದರಿಂದಲೇ ಎಲ್ಲ ಆದದ್ದು. ನಿದ್ರೆಯಿಂದ ಅಲ್ಲ."

ಕೆಲಸ ಹೋದರೂ ಚಿಂತೆಯಿಲ್ಲ, ಗಾಡಿಗೆ ತುಕ್ಕು ಹಿಡಿಯಿತು ಎನ್ನಿಸಿಕೊಳ್ಳಲಾರೆ ಎನ್ನುವ ಮನುಷ್ಯ! ನಾನು ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

"ಕಂಡಿರಾ?" ದುಬೈಯ ಭಾವನ ಮುಖ ಅರಳಿತು. "ಬಾಯಿ ಬಿಟ್ಟು ಹೇಳಿ ಆಯ್ತಲ್ಲ. ಇನ್ನೆಂತ?"

ಧಣಿ ನನ್ನ ಕಡೆ ತಿರುಗಿದರು. "ಹಾಗಾದ್ರೆ ತಪ್ಪು ಕಾಕನದ್ದೇ?"

"ಹೌದು," ಎಂದೆ. "ಕಾಕನದ್ದೇ ತಪ್ಪು. ಒಂದು ಬೋಲ್ಟು. ಎರಡು ಸಲ ಬಿಚ್ಚಿ ಹಾಕಿದ ನಿಮ್ಮ ದೊಡ್ಡ ಗ್ಯಾರೇಜಿಗೆ ಅದು ಕಾಣ್ಲಿಲ್ಲ, ಮೊದಲ ಸಲ ನನಗೂ ಕಾಣ್ಲಿಲ್ಲ. ಈಗ ತಪ್ಪು ನೋಡಿ ಆಯ್ತಲ್ಲ, ಬಾಕಿದ್ದನ್ನೂ ನೋಡಿ ಹೋಗಿ."

ಕಾಕನ ಗಾಡಿಯನ್ನು, ಅಡಿಭಾಗ ನೋಡಲಿಕ್ಕೆಂದು ಶೆಡ್ಡಿನಲ್ಲಿ ತೋಡಿದ ಹೊಂಡದ ಮೇಲೆ ತಂದು ನಿಲ್ಲಿಸಿ ಧಣಿಯನ್ನು ಕೆಳಗೆ ಇಳಿಸಿದೆ. ಇಸ್ತ್ರಿ ಮಾಡಿದ ಬಿಳಿ ಪಂಚೆ ಎತ್ತಿಕಟ್ಟಿ ಇಳಿದರು. ಟಾರ್ಚ್ ಹಿಡಿದು ತೋರಿಸಿದೆ. ಮುಂದಿನಿಂದ ಹಿಂದಿನವರೆಗೆ ಕಪ್ಪು, ಸಪಾಟು. ಸ್ಕ್ರೂಡ್ರೈವರಿನ ಹಿಡಿಯಿಂದ ಎಲ್ಲಿ ಬಡಿದರೂ ಠಣ್ ಠಣ್ ಎಂದು ಗಟ್ಟಿ ಶಬ್ದ. ಕೈ ಹೋಗದ ಮೂಲೆಯಲ್ಲೂ ಬ್ರಶ್ಶಿನ ಗೆರೆ ಇತ್ತು.

"ಈಗ ಭಾವನ ಗಾಡಿಯೂ ಬರ್ಲಿ," ಎಂದೆ.

"ನನ್ನದರಲ್ಲಿ ಎಂತ ನೋಡ್ಲಿಕ್ಕೆ ಉಂಟು? ದಿನಾ ಬೆಳಿಗ್ಗೆ ಪ್ರೆಶರಿನಲ್ಲಿ ತೊಳೆಯುದು. ಕನ್ನಡಿಯ ಹಾಗೆ ಇಟ್ಟಿದ್ದೇನೆ," ಎನ್ನುತ್ತಾ ಅವರೇ ಠೀವಿಯಿಂದ ತಂದು ನಿಲ್ಲಿಸಿದರು. ಭಾವನ ಮನೆ ಉಳ್ಳಾಲದಲ್ಲಿ, ಕಂಪೌಂಡಿನ ಆಚೆ ಕಡಲು. ಬಾವಿಯ ನೀರು ಬಾಯಿಗಿಟ್ಟರೆ ಉಪ್ಪು. ಅದೇ ನೀರಿನಲ್ಲಿ ದಿನಾ ಅಭಿಷೇಕ.

ಧಣಿ ಇನ್ನೂ ಹೊಂಡದಲ್ಲೇ ಇದ್ದರು. ಬಾಗಿಲಿನ ಕೆಳಗಿನ ತಗಡಿನ ಪಟ್ಟಿಗೆ ಅಡಿಯಿಂದ ಅದೇ ಸ್ಕ್ರೂಡ್ರೈವರ್ ಇಟ್ಟು ಮೆಲ್ಲ ಒತ್ತಿದೆ. ಬಡಿಯುವ ಅಗತ್ಯವೇ ಬೀಳಲಿಲ್ಲ. ಹಪ್ಪಳ ಮುರಿದ ಹಾಗೆ ಕರ್ ಎಂದು ಹಿಡಿಯವರೆಗೆ ಒಳಗೆ ಹೋಯಿತು. ಕೆಂಪು ಹುಡಿ ಧಣಿಯ ಅಂಗಿಯ ಮೇಲೆ ಉದುರಿತು.

ಮೇಲಿನಿಂದ ಭಾವ, "ಎಂತ ಆಯ್ತು? ಎಂತ ಆಯ್ತು?" ಎಂದು ಕೇಳುತ್ತಿದ್ದರು.

ಧಣಿ ಮೇಲೆ ಬಂದು ಅಂಗಿ ಕೊಡವಿಕೊಂಡರು. ಕಾಕನ ಹತ್ತಿರ ಕ್ಷಮೆ ಕೇಳುತ್ತಾರೆ, ಇಷ್ಟು ದಿನ ಸುಮ್ಮನೆ ಅಂದೆವು ಎಂದಾದರೂ ಹೇಳುತ್ತಾರೆ ಎಂದು ಕಾದೆ. ಧಣಿಗಳ ಬಾಯಲ್ಲಿ ಅಂಥ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ.

"ಕಾಕ, ಗಾಡಿ ತೆಗೀರಿ," ಎಂದರು. "ನಾನು ನಿಮ್ಮೊಟ್ಟಿಗೆ ಬರ್ತೇನೆ. ನಾಳೆ ಅಮ್ಮನಿಗೆ ಬೆಳಿಗ್ಗೆ ಬೇಗ ಉಂಟಂತೆ, ಗೊತ್ತುಂಟಲ್ಲ?"

"ಗೊತ್ತುಂಟು ಧಣಿ," ಎಂದರು ಕಾಕ. ಬಾಗಿಲು ತೆರೆಯುವ ಮೊದಲು ಹಿಡಿಯನ್ನು ಒಮ್ಮೆ ಒರೆಸಿದರು.

ಹೊಸ ಡ್ರೈವರಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಬೇಸಗೆಯಿಡೀ ಏಸಿ ಓಡಿತು, ಕ್ಲಚ್ಚಿಗೆ ಏನೂ ಆಗಲಿಲ್ಲ.

ಮುಂದಿನ ಮಳೆಗೆ ಸ್ವಲ್ಪ ಮುಂಚೆ ಒಂದು ಮಧ್ಯಾಹ್ನ ನನ್ನ ಹೊಂಡ ಎರವಲು ಬೇಕೆಂದು ಕಾಕ ಬಂದರು. ಕೈಯಲ್ಲಿ ಕಪ್ಪು ಬಣ್ಣದ ಡಬ್ಬ, ಬ್ರಶ್ಶು. ತಂದ ಗಾಡಿ ನೋಡಿದರೆ ಅದೇ ಬಿಳಿ ಕಾರು. ಪಟ್ಟಿ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿದ್ದರು. ಭಾವ ಸ್ವತಃ ಕಾಕನ ಮನೆಗೆ ಹೋಗಿ, ನಮ್ಮದಕ್ಕೂ ಸ್ವಲ್ಪ ಹೊಡೆದುಕೊಡಿ ಎಂದು ಕೇಳಿಕೊಂಡರಂತೆ. ನಾಚಿಕೆ ಎನ್ನುವುದು ಕೂಡ ದುಬೈಯಲ್ಲೇ ಉಳಿದಿರಬೇಕು.

ಕಾಕ ಹೊಂಡಕ್ಕೆ ಇಳಿದರು. ನಾನು ಮೇಲಿನಿಂದ ಬಗ್ಗಿ ಹೇಳಿದೆ, "ಕಾಕ, ಇದಕ್ಕೆ ಎಲ್ಲ ಕಡೆ ಹೊಡೀರಿ. ಅರ್ತಿಂಗ್ ಬೋಲ್ಟುಗಳನ್ನೂ ಬಿಚ್ಚಿ, ಒಳಗೂ ಹೊರಗೂ ಚೆನ್ನಾಗಿ ಹೊಡೀರಿ."

ಅವರು ನಗಲಿಲ್ಲ. ಜೇಬಿನಿಂದ ಟೇಪಿನ ಸುರುಳಿ ತೆಗೆದು, ಮೊದಲ ಅರ್ತಿಂಗ್ ಬೋಲ್ಟಿಗೆ ಬಣ್ಣ ತಾಗದ ಹಾಗೆ ಸುತ್ತತೊಡಗಿದರು.

"ಛೆ," ಎಂದರು. "ಅವರು ಅಂದದ್ದಕ್ಕೆ ಗಾಡಿ ಎಂತ ಮಾಡಿದೆ ಮಾರಾಯ್ರೆ?"